ಕೆಸರಿಗೂ ಹಿಮಕ್ಕೂ: ಗೂರ್ಖಾದ ಲಾಕೇ, ಜಿಮ್ನಿಯ ಬ್ರೇಕೇ?

ಕೊಡಗಿನ ತೋಟದ ದಾರಿಗೂ ಎಂದಾದರೊಮ್ಮೆ ಹಿಮಾಲಯದ ಹಿಮಕ್ಕೂ ಒಂದೇ ವಾಹನ ಸಾಕೆನ್ನುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಫೋರ್ಸ್ ಗೂರ್ಖಾದಲ್ಲಿ ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್‌ಗಳನ್ನು, ಅಂದರೆ ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆಗಳನ್ನು, ಚಾಲಕನೇ ಲಾಕ್ ಮಾಡಬಹುದು. ಆಗ ಒಂದೇ ಆಕ್ಸಲ್‌ನ (ಅಚ್ಚಿನ) ಎರಡೂ ಚಕ್ರಗಳು ಸಮವೇಗದಲ್ಲಿ ತಿರುಗುವುದರಿಂದ, ಮಳೆಗಾಲದ ಮಾಂದಲ್‌ಪಟ್ಟಿಯ ಕೊರಕಲಿನಲ್ಲಿ ಒಂದು ಚಕ್ರ ನೆಲ ಬಿಟ್ಟರೂ ಇನ್ನೊಂದು ವಾಹನವನ್ನು ಮುಂದೆ ತಳ್ಳುತ್ತದೆ. ಮಾರುತಿ ಜಿಮ್ನಿಯಲ್ಲಿ ಅಂಥ ಲಾಕ್ ಇಲ್ಲ; ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಬಲವನ್ನು ಆಚೆಬದಿಯ ಚಕ್ರಕ್ಕೆ ಕಳುಹಿಸುತ್ತದೆ, ಆದರೆ ಅದಕ್ಕೆ ಚಕ್ರ ಮೊದಲು ತುಸು ಜಾರಲೇಬೇಕು. ಆಳದ ಹಿಮದಿಂದ ನೇರವಾಗಿ ಹೊರಬರಲು ಲಾಕ್ ಮೇಲು. ಹೆಪ್ಪುಗಟ್ಟಿದ, ಪಕ್ಕಕ್ಕೆ ವಾಲಿದ ತಿರುವಿನಲ್ಲಾದರೋ ಹಿಂದಿನ ಲಾಕ್ ಹಾಕಿದರೆ ಎರಡೂ ಚಕ್ರಗಳು ಒಟ್ಟಿಗೆ ಹಿಡಿತ ತಪ್ಪಿ ಹಿಂಭಾಗ ಇಳಿಜಾರಿನತ್ತ ಸರಿಯಬಹುದು. ಮುಂದಿನದನ್ನೂ ಹಾಕಿದರೆ ಸ್ಟಿಯರಿಂಗ್ ಮಾತು ಕೇಳದು. ತೋಟದ ಕೆಲಸವೇ ಹೆಚ್ಚೆಂದರೆ ನನ್ನ ಆಯ್ಕೆ ಗೂರ್ಖಾ. ಹಿಮಕ್ಕೆ ಮಾತ್ರ ಯಾವುದನ್ನು ಕೊಂಡರೂ ಚಕ್ರದ ಚೈನುಗಳು ಬೇಕು.