ಹಾಟ್ ಯೋಗಕ್ಕ ಸೇರೋ ಮುಂಚೆ ಇದನ್ನ ಓದ್ರಿ, ಬಿಪಿ ಗುಳಿಗಿ ತಗೊಳ್ಳೋರಂತೂ ಓದ್ಲೇಬೇಕು

ನಮ್ದು ರಾಯಚೂರು. ಬಿಸಿಲು ನಮಗ ಹೊಸದಲ್ಲ, 42 ಡಿಗ್ರಿ ಒಳಗೇ ಗಂಜ್ ಮಾರ್ಕೆಟ್ಟಿಗೂ ಹೋಗ್ತೀವಿ ಮದುವಿನೂ ಮಾಡ್ತೀವಿ. ಅದೇ ಧೈರ್ಯದ ಮ್ಯಾಲೆ ಮಾರ್ಚ್‌ನ್ಯಾಗ ನಾನೂ ನಮ್ಮ ಓರಗಿತ್ತಿನೂ ಒಂದು ಕಡೆ ಹಾಟ್ ಯೋಗಕ್ಕ ಸೇರಿದ್ವಿ. ಕಿಟಕಿ ಬಾಗಿಲು ಎಲ್ಲಾ ಬಂದ್, ಮೂಲಿಗೊಂದು ಹೀಟರು, ಜೊತಿಗೆ ಹಬಿ ಬಿಡೋ ಮಷೀನು. ಬಿಕ್ರಮ್ ಚೌಧರಿ ಅಂಬೋರು ಅಮೆರಿಕಕ್ಕ ಹೋಗಿ ಹಬ್ಬಿಸಿದ ಪದ್ಧತಿ ಇದು, 40 ಡಿಗ್ರಿ ಸೆಕಿ, 40 ಪರ್ಸೆಂಟ್ ತೇವ, 90 ನಿಮಿಷ, 26 ಆಸನ.

ಸುಳ್ಳ್ಯಾಕ ಹೇಳ್ಲಿ, ಮೊದಲನೇ ವಾರ ಭಾಳ ಛಲೋ ಅನಿಸ್ತು. ಸೊಂಟ ಸಡಿಲಾತು, ನಿದ್ದಿ ಹತ್ತಿತು, ಒಂದೇ ಕ್ಲಾಸಿಗೆ ಒಂದು ಕೆಜಿ ಇಳಿದಿದ್ದೆ. ಮರುದಿನ ಕಾಟಾ ಮ್ಯಾಲೆ ನಿಂತ್ರ ಎಲ್ಲಾ ವಾಪಸ್, ಹೋಗಿದ್ದು ಬರೇ ನೀರು.

ಒಂಬತ್ತನೇ ದಿನ ಬಗ್ಗಿ ಪಾದ ಮುಟ್ಟಿ ಮ್ಯಾಲೆದ್ದೆ, ಕಣ್ಣಿಗೆ ಕತ್ತಲಿ ಬಂತು, ಮೀನಖಂಡ ಹಿಡ್ಕೊಂಡ್ವು. ಹೊರಗ ಹೋಗ್ತೀನಿ ಅಂದ್ರ ಮಾಸ್ತರು "ತಡ್ಕೋರಿ ಅಕ್ಕಾರ, ಮೈಯಾಗಿನ ವಿಷ ಹೊರಗ ಹೋಗ್ಲಿಕತ್ತದ" ಅಂದ್ರು. ತಡ್ಕೊಂಡೆ. ಎರಡು ನಿಮಿಷಕ್ಕ ಬಿದ್ದೆ, ಓರಗಿತ್ತಿ ಎಳಕೊಂಡು ಹೊರಗ ತಂದಮ್ಯಾಲೆ ವಾಂತಿ, ಆಮೇಲೆ ಆಸ್ಪತ್ರಿ, ಎರಡು ಬಾಟಲಿ ಸಲೈನು.

ಡಾಕ್ಟ್ರು ಮೊದ್ಲು ಕೇಳಿದ್ದೇ ಯಾವ ಗುಳಿಗಿ ಅಂತ. ನನ್ನ ಬಿಪಿ ಗುಳಿಗ್ಯಾಗ ಮೂತ್ರ ಹೆಚ್ಚು ಮಾಡೋ ಔಷಧನೂ ಅದ. ಅಂದ್ರ ಆ ಕಡಿಂದ ನೀರು ಉಪ್ಪು ಹೋಗ್ತದ, ಈ ಕಡಿಂದ ಬೆವರು, ಮ್ಯಾಲೆ ಸೆಕಿಗೆ ರಕ್ತನಾಳ ಹಿಗ್ಗಿ ಬಿಪಿ ಇನ್ನೂ ಕೆಳಗ ಬೀಳ್ತದ. ವಿಷ ಹೋಗ್ತದ ಅನ್ನೋದೂ ಸುಳ್ಳಂತ, ಬೆವರಂದ್ರ ನೀರು ಉಪ್ಪು, ಹೊಲಸು ತೆಗಿಯೋದು ಲಿವರು ಕಿಡ್ನಿ. ಸೇರುವಾಗ ಒಬ್ರೂ ನನಗ ಗುಳಿಗಿ ಬಗ್ಗೆ ಕೇಳ್ಲಿಲ್ಲ, ಅದೇ ನನಗ ಇವತ್ತಿಗೂ ಸಿಟ್ಟು.

ಇನ್ನೊಂದು, ನಮ್ಮ ಊರಿನ ಬಿಸಿಲು ಒಣ ಬಿಸಿಲು, ನೆಳ್ಳಿಗೆ ಬಂದು ಗಾಳಿ ತಾಕಿದ್ರ ಬೆವರು ಆರಿ ಮೈ ತಂಪಾಗ್ತದ. ಆ ರೂಮಿನಾಗ ಹಬಿ ತುಂಬಿರ್ತದ, ಬೆವರು ಸುರಿತದ ಖರೆ ಆದ್ರ ಲಗೂ ಆರೋದಿಲ್ಲ, ಮೈ ಒಳಗ ಕಾಯ್ತನೇ ಹೋಗ್ತದ. ಬಿಸಿಲು ತಡ್ಕೊಳ್ಳೋ ರೂಢಿ ಅದ ಅಂತ ನಾವು ಅಲ್ಲಿ ಮೋಸ ಹೋಗ್ತೀವಿ. ಸೆಕಿಗೆ ಮೈ ಸಡಿಲಾಗಿ ಅಳತಿ ಮೀರಿ ಬಗ್ಗಿದ್ದೆ, ತೊಡಿ ಹಿಂದಿನ ನೋವು ತಿಂಗಳಾದ್ರೂ ಹೋಗ್ಲಿಲ್ಲ.

2018ರಾಗ ಅಮೆರಿಕದಾಗ 12 ವಾರ ಇದೇ ಆಸನ ಸೆಕಿ ರೂಮಿನಾಗೂ ಸಾದಾ ರೂಮಿನಾಗೂ ಮಾಡಿಸಿ ನೋಡ್ಯಾರ, ರಕ್ತನಾಳಕ್ಕ ಆದ ಲಾಭ ಎರಡೂ ಕಡೆ ಒಂದೇ. ನಾನೀಗ ಮುಂಜಾನಿ ಮಾಳಿಗಿ ಮ್ಯಾಲೆ ಮಾಡ್ತೀನಿ.

ಬಸುರಿ ಹೆಣ್ಮಕ್ಕಳು, ಹಾರ್ಟು, ಶುಗರು, ಬಿಪಿ ಇದ್ದೋರು ಡಾಕ್ಟರನ್ನ ಕೇಳದೇ ಹೋಗಬ್ಯಾಡ್ರಿ. ಹೋಗೋರು ಬಾಗಿಲ ಹತ್ರ ಮ್ಯಾಟ್ ಹಾಕ್ಕೊರಿ, ನೀರು ಬಾಜೂಕ್ಕ ಇಟ್ಕೊರಿ, ತಲಿ ತಿರುಗಿದ್ರ ಯಾರ ಮಾತೂ ಕೇಳದೇ ಎದ್ದು ಬರ್ರಿ. ಬಾಜೂಕಿನವರು ಏನೇನೋ ಮಾತಾಡ್ಲಿಕತ್ರ, ಎಚ್ಚರ ತಪ್ಪಿದ್ರ, ಮೈಮ್ಯಾಲೆ ತಣ್ಣೀರು ಸುರೀರಿ, ಫ್ಯಾನ್ ಹಚ್ಚಿ 108ಕ್ಕ ಫೋನ್ ಮಾಡ್ರಿ, ಎಚ್ಚರ ಇಲ್ದೋರ ಬಾಯಾಗ ನೀರು ಮಾತ್ರ ಹಾಕಬ್ಯಾಡ್ರಿ.