ಪುಸ್ತಿಕೆ ಇಲ್ಲದ ಸಿಡಿಗೇ ನನ್ನ ಮತ

ಇಂಗ್ಲೆಂಡಿನ ಹಳೇ ಚರ್ಚ್ ಹಾಡುಗಳ ಎರಡು ಸಿಡಿ ನಮ್ಮಲ್ಲಿವೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಜಾಸ್ತಿ ಇಷ್ಟ ದಿ ಸಿಕ್ಸ್‌ಟೀನ್ ಅನ್ನುವ ಗಾಯನ ತಂಡದ ‘ದಿ ರೋಸ್ ಅಂಡ್ ದಿ ಆಸ್ಟ್ರಿಚ್ ಫೆದರ್’. ಇನ್ನೊಂದು ತಂಡ ಟ್ಯಾಲಿಸ್ ಸ್ಕಾಲರ್ಸ್ 2005ರಲ್ಲಿ ತಂದ, ಜಾನ್ ಬ್ರೌನ್ ಎಂಬ ಸಂಗೀತ ರಚನಕಾರನ ಹಾಡುಗಳ ಸಿಡಿಯೂ ಮನೆಯಲ್ಲಿದೆ. ಎರಡರಲ್ಲೂ ದೊಡ್ಡ ಹಾಡುಗಳೆಲ್ಲ ಈಟನ್ ಕಾಯರ್‌ಬುಕ್‌ನವು. 1500ರ ಹೊತ್ತಿಗೆ ಈಟನ್ ಕಾಲೇಜಿನ ಚಾಪೆಲ್‌ನಲ್ಲಿ ಹಾಡಲೆಂದು ಬರೆಸಿದ ಹಾಡಿನ ಪುಸ್ತಕ, ಈಗಲೂ ಆ ಕಾಲೇಜಿನಲ್ಲೇ ಇದೆ. ನಾವಿರುವುದು ಸ್ಲೌನಲ್ಲಿ, ಪಕ್ಕದ ಊರಿನ ಹಾಡು ಅಂತ ಕೊಂಡಿದ್ದು.

ಸಿಕ್ಸ್‌ಟೀನ್ ಸಿಡಿ ಹಳೇ ಸಾಮಾನಿನ ಅಂಗಡಿಯಲ್ಲಿ 2 ಪೌಂಡಿಗೆ ಸಿಕ್ಕಿತು. ಮನೆಗೆ ಬಂದು ಡಬ್ಬಿ ತೆರೆದರೆ ಮುಖಪುಟ ಮಾತ್ರ ಇದೆ, ಪುಸ್ತಿಕೆಯ ಒಳಹಾಳೆಗಳನ್ನು ಯಾರೋ ಕಿತ್ತುಕೊಂಡಿದ್ದಾರೆ!

ಬೇರೆ ಸಿಡಿಯಾಗಿದ್ದರೆ ಸುಮ್ನೆ ಬಿಡುತ್ತಿದ್ದೆ. ಇಲ್ಲಿ ಒಂದೊಂದು ಹಾಡೂ ಉದ್ದ. ಲ್ಯಾಟಿನ್ನಿನ ಒಂದೇ ಅಕ್ಷರವನ್ನು ನಮ್ಮ ಅಕಾರದ ಹಾಗೆ ಎಳೆಯುತ್ತಾರೆ. ಸಾಹಿತ್ಯ ಕೈಯಲ್ಲಿಲ್ಲದಿದ್ದರೆ ಎಲ್ಲಿದ್ದೇವೆ ಅಂತಲೇ ತಿಳಿಯುವುದಿಲ್ಲ. ಮೇರಿಯಮ್ಮನ ಪ್ರಾರ್ಥನೆ ‘ಸಾಲ್ವೆ ರೆಜಿನಾ’ದ ಪಠ್ಯ ಹುಡುಕಿ ಪ್ರಿಂಟ್ ತೆಗೆದೆ. ಅರ್ಧದಲ್ಲಿ ದಾರಿ ತಪ್ಪಿತು. ಆ ಕಾಲದ ಇಂಗ್ಲಿಷರು ಪ್ರಾರ್ಥನೆಯ ನಡುವೆ ಬೇರೆ ಪದ್ಯಗಳನ್ನು ಸೇರಿಸಿ ಹಾಡುತ್ತಿದ್ದರಂತೆ, ನನ್ನ ಹಾಳೆಯಲ್ಲಿ ಅವೇ ಇಲ್ಲ. ಎಲ್ಲ ಕೂಡಿಸುವಷ್ಟರಲ್ಲಿ ಮೂರು ಸಂಜೆ ಹೋಯಿತು.

ಟ್ಯಾಲಿಸ್ ಸ್ಕಾಲರ್ಸ್ ಸಿಡಿಯ ಪುಸ್ತಿಕೆ ಅಚ್ಚುಕಟ್ಟು. ಹೊಸದೇ ಕೊಂಡಿದ್ದು, ಬೆಲೆಯೂ ಹಾಗೇ ಇತ್ತು.

ಬ್ರೌನ್‌ನ ‘ಸ್ತಾಬಾತ್ ಯುಕ್ಸ್ತಾ’ ಎರಡರಲ್ಲೂ ಇದೆ. ಆರು ದನಿ, ಎಲ್ಲ ಗಂಡು ದನಿಗಳೇ, ಒಂದಕ್ಕೊಂದು ಅಂಟಿಕೊಂಡು ಗವ್ವೆನ್ನುತ್ತವೆ. ಅದರೊಳಗೆ ಬ್ರೌನ್ ಒಂದು ಇಂಗ್ಲಿಷ್ ಹಾಡಿನ ಧಾಟಿ ಅಡಗಿಸಿಟ್ಟಿದ್ದಾನೆ. ಎಡ್ಮಂಡ್ ಟರ್ಜಸ್ ಕಟ್ಟಿದ ಹಾಡು. ಬಿರುಗಾಳಿಯಿಂದ ಉಷ್ಟ್ರಪಕ್ಷಿಯ ಗರಿಯನ್ನು ಕಾಪಾಡು ದೇವರೇ ಅನ್ನುತ್ತದೆ. ಗರಿ ಅಂದರೆ ಇಂಗ್ಲೆಂಡಿನ ರಾಜ ಏಳನೇ ಹೆನ್ರಿಯ ಮಗ ಆರ್ಥರ್, ಅದು ಅವನ ಲಾಂಛನ. ಹುಡುಗ 1502ರಲ್ಲಿ ತೀರಿಕೊಂಡ. ಸಿಕ್ಸ್‌ಟೀನ್‌ನವರು ಆ ಹಾಡನ್ನೂ ಇದೇ ಸಿಡಿಯಲ್ಲಿ ಹಾಡಿದ್ದಾರೆ. ಅದನ್ನು ನಾಲ್ಕು ಸಲ ಕೇಳಿಕೊಂಡು ‘ಸ್ತಾಬಾತ್’ಗೆ ಹೋದೆ. ಆದರೂ ಧಾಟಿ ಸುಲಭಕ್ಕೆ ಸಿಗಲಿಲ್ಲ. ಒಂದು ರಾತ್ರಿ ಕುಕ್ಕರ್ ಉಜ್ಜುತ್ತಿದ್ದಾಗ ತಟ್ಟನೆ ಸಿಕ್ಕಿತು, ನಲ್ಲಿ ನಿಲ್ಲಿಸಿ ಹಾಗೇ ನಿಂತೆ.

ಟ್ಯಾಲಿಸ್ ಸ್ಕಾಲರ್ಸ್ ಹಾಡಿರುವುದು ಬ್ರೌನ್‌ನ ಐದು ದೊಡ್ಡ ಕೃತಿಗಳನ್ನು ಮಾತ್ರ. ಎಂಟು ದನಿಯ ‘ಓ ಮರಿಯಾ’ ಬಂದಾಗ ಪಾತ್ರೆ ಗೀತ್ರೆ ಎಲ್ಲ ಬಿಟ್ಟು ಕೂರಬೇಕು. ನನಗೆ ಸಿಗುವುದು ದಿನಕ್ಕೆ ಅರ್ಧ ಗಂಟೆ, ಅದೂ ಸಿಂಕ್ ಮುಂದೆ. ಜೊತೆಗೆ ಮೇಲಿನ ದನಿಗಳು ತುಂಬಾ ಎತ್ತರ, ನಮ್ಮ ಫ್ಲಾಟಿನ ಗೋಡೆ ತೆಳ್ಳಗೆ.

ಸಿಕ್ಸ್‌ಟೀನ್‌ನ ಈಟನ್ ಸರಣಿಯಲ್ಲಿ ಒಟ್ಟು ಐದು ಸಿಡಿ. ಉಳಿದ ನಾಲ್ಕನ್ನೂ ಹಳೇದರಲ್ಲೇ ಹುಡುಕುತ್ತಿದ್ದೇನೆ. ಈಗೆಲ್ಲ ಅಂಗಡಿಯಲ್ಲೇ ಡಬ್ಬಿ ತೆಗೆದು ಪುಟ ಎಣಿಸುತ್ತೇನೆ.