ಮಳೆರಜೆಯ ದಿನ, ಬೆಳಗಿನಿಂದ ರಾತ್ರಿಯವರೆಗೆ ಚಂದನ

ಆಟಿ ತಿಂಗಳ ಆ ಗುರುವಾರ ನಮ್ಮ ಉಡುಪಿ ಜಿಲ್ಲೆಗೆ ರೆಡ್ ಅಲರ್ಟ್ ಇತ್ತು. ಹಿಂದಿನ ರಾತ್ರಿಯೇ ಜಿಲ್ಲಾಧಿಕಾರಿಯವರು ಶಾಲೆಗಳಿಗೆ ರಜೆ ಸಾರಿದ್ದರಿಂದ ಒಂಬತ್ತನೆಯ ತರಗತಿಯ ಮಗಳು ಮನೆಯಲ್ಲಿದ್ದಳು. ಹೆಬ್ರಿಯಲ್ಲಿ ಅಡಿಕೆ ತೋಟವಿರುವ ದೊಡ್ಡಪ್ಪ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಕಾಲು ಉಳುಕಿಸಿಕೊಂಡು, ವಾರದಿಂದ ಸಂತೆಕಟ್ಟೆಯ ನಮ್ಮ ಮನೆಯಲ್ಲಿ ವಿಶ್ರಾಂತಿ ಪಡೆಯುತ್ತಿದ್ದರು. ಎಪ್ಪತ್ತೆಂಟರ ಅಮ್ಮ ಸದಾ ಮನೆಯಲ್ಲಿರುವವರೇ. ಬೆಳಿಗ್ಗೆ ಅಮ್ಮನಿಗಾಗಿ ಹಾಕಿದ ದೂರದರ್ಶನದ ಚಂದನ ವಾಹಿನಿ ರಾತ್ರಿ ಮಲಗುವ ಹೊತ್ತಿನವರೆಗೂ ಹಾಗೆಯೇ ಉಳಿಯಿತು. ಒಂದು ವಾಹಿನಿಯನ್ನು ದಿನವಿಡೀ ಕುಳಿತು ನೋಡಿ ಎಷ್ಟೋ ವರ್ಷಗಳಾಗಿದ್ದವು; ಆ ದಿನ ಕಂಡದ್ದನ್ನು ಬರೆದಿಡಬೇಕೆನ್ನಿಸಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಂದನದ ಪ್ರತಿಯೊಂದು ಕಾರ್ಯಕ್ರಮವೂ ನಿರ್ದಿಷ್ಟವಾಗಿ ಯಾರೋ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತದೆ. ಆ ಒಬ್ಬರಿಗೆ ಒಂದು ಕಸುಬು, ಒಂದು ಆಸಕ್ತಿ, ತಿಳಿದುಕೊಳ್ಳಬೇಕಾದ ಒಂದು ವಿಷಯ ಇದೆಯೆಂದು ಅದು ನಂಬಿದೆ. ಹೀಗಾಗಿ ಒಂದೇ ದಿನದಲ್ಲಿ ನಮ್ಮ ಮನೆಯ ಒಬ್ಬೊಬ್ಬರಿಗೂ ಅವರವರದೇ ಆದ ಅರ್ಧ ಗಂಟೆ ಸಿಕ್ಕಿತು; ಉಳಿದವರೂ ಎದ್ದು ಹೋಗದೆ ಕುಳಿತು ನೋಡಿದರು.

ಬೆಳಗಿನ ಪಾಲು ಅಮ್ಮನದು. ಚಿಕ್ಕಂದಿನಲ್ಲಿ ಆರೇಳು ವರ್ಷ ಸಂಗೀತ ಕಲಿತಿದ್ದ ಅವರು ವೀಣಾವಾದನವೆಂದು ತಿಳಿದ ಕೂಡಲೇ ಬಿಡಿಸುತ್ತಿದ್ದ ಹಲಸಿನ ಬೀಜವನ್ನು ಬದಿಗಿಟ್ಟರು. ರಾಗದ ಹೆಸರು, ತಾಳದ ಹೆಸರು ಪರದೆಯ ಕೆಳಗೆ ಮೂಡಿದವು. ಆಲಾಪನೆ ನಡುವೆ ಜಾಹೀರಾತಿಗಾಗಿ ತುಂಡಾಗದೆ ಪೂರ್ತಿಯಾಗಿ ಸಾಗಿತು. ಕ್ಯಾಮೆರಾ ತುಂಬ ಹೊತ್ತು ವಾದಕಿಯ ಎಡಗೈ ಬೆರಳುಗಳ ಮೇಲೆಯೇ ನಿಂತಿತ್ತು. ತಂತಿಯನ್ನು ಮೆಟ್ಟಿಲ ಮೇಲೆ ಅಡ್ಡಕ್ಕೆ ಎಳೆದು ಗಮಕ ಹೊರಡಿಸುವಾಗ ಬೆರಳ ತುದಿಯಲ್ಲಿ ಬಿದ್ದಿದ್ದ ಕಪ್ಪು ಗೆರೆ ಕೂಡ ಕಾಣಿಸಿತು. ಅಮ್ಮ ತಮ್ಮ ಬೆರಳನ್ನು ಮೊಮ್ಮಗಳಿಗೆ ತೋರಿಸಿ, ಅಲ್ಲಿಯೂ ಒಂದು ಕಾಲದಲ್ಲಿ ಅಂಥದೇ ಗೆರೆ ಇತ್ತೆಂದರು. ವೇದಿಕೆಯ ಬೆಳಕು ಸಪ್ಪೆ, ಹಿನ್ನೆಲೆಯ ಪರದೆ ಹಳೆಯ ಕಾಲದ್ದು ಎಂದು ಕೆಲವರಿಗೆ ಅನ್ನಿಸಬಹುದು. ಸಂಗೀತ ಕೇಳಲು ಕುಳಿತವರಿಗೆ ಅದರಿಂದ ಕೊರತೆಯೇನೂ ಆಗುವುದಿಲ್ಲ. ಇಂಥ ಧ್ವನಿಮುದ್ರಣಗಳ ಜೊತೆಗೆ ಅವು ಯಾವ ವರ್ಷದವು ಎಂಬುದನ್ನೂ ಕಾಣಿಸಿದರೆ ಕಲಿಯುವವರಿಗೆ ಇನ್ನಷ್ಟು ಉಪಕಾರವಾದೀತು.

ಆಮೇಲಿನ ಸಂದರ್ಶನ, ಮಹಿಳೆಯರ ಕಾರ್ಯಕ್ರಮ ಇವೆಲ್ಲ ಸಾಧಾರಣವಾಗಿದ್ದವು. ಮಧ್ಯಾಹ್ನ ವಿಜ್ಞಾನದ ಪಾಠವೊಂದು ಬಂದಾಗ ಮಾತ್ರ ಮಗಳು ಹತ್ತಿರ ಬಂದು ಕುಳಿತಳು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಶಿಕ್ಷಣ ಇಲಾಖೆಯ ‘ಸಂವೇದ’ ಪಾಠಗಳು ಪ್ರಸಾರವಾದದ್ದು ಇದೇ ವಾಹಿನಿಯಲ್ಲಿ. ನೆರೆಮನೆಯ ಹುಡುಗನಿಗೆ ಆಗ ಮೊಬೈಲ್ ಇರಲಿಲ್ಲ. ಆತ ಹತ್ತನೆಯ ತರಗತಿಯ ಪಾಠಗಳನ್ನು ನಮ್ಮ ಚಾವಡಿಯಲ್ಲಿ ನೋಟ್ ಪುಸ್ತಕ ಹಿಡಿದು ನೋಡಿದ್ದು ನನ್ನ ಕಣ್ಣಮುಂದಿದೆ. ನೆಟ್‌ವರ್ಕ್ ಇಲ್ಲದ ಮನೆಗೂ ಪಾಠ ತಲುಪಿತು ಎಂಬ ಒಂದೇ ಕಾರಣಕ್ಕೆ ಈ ವಾಹಿನಿಯ ಬಗ್ಗೆ ನನಗೆ ಋಣದ ಭಾವನೆಯಿದೆ.

ಪಾಠ ಮುಗಿದು ಯಕ್ಷಗಾನದ ತುಣುಕೊಂದು ಆರಂಭವಾಗುವ ಹೊತ್ತಿಗೆ ಮಳೆ ಜೋರಾಗಿ, ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಹೋಯಿತು. ನಮ್ಮದು ದೂರದರ್ಶನದ ಉಚಿತ ಡಿಟಿಎಚ್ ಸೇವೆಯಾದ ಡಿಡಿ ಫ್ರೀ ಡಿಶ್. ಉಪಗ್ರಹದಿಂದ ಬರುವ ಈ ತರಂಗಗಳ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು ಇರುವುದರಿಂದ ದಪ್ಪ ಹನಿಯ ಮಳೆ ಅವನ್ನು ಹೀರಿಕೊಂಡು ಚದುರಿಸುತ್ತದೆ. ಹಣ ಕೊಟ್ಟು ಪಡೆಯುವ ಡಿಟಿಎಚ್‌ಗಳಿಗೂ ಇದೇ ಕಷ್ಟವಿದೆ. ಹತ್ತು ನಿಮಿಷದಲ್ಲಿ ಮಳೆ ಸ್ವಲ್ಪ ಇಳಿದು ಚೆಂಡೆಯ ಸದ್ದು ಮರಳಿತು. ಆಗ ಆದ ಸಂತೋಷಕ್ಕೆ ಕಾರಣವಿದೆ. ತುಳುನಾಡಿನಲ್ಲಿ ಆಟದ ಋತು ಮುಗಿಯುವ ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಯಕ್ಷಗಾನ ಮೇಳಗಳು ಮತ್ತೆ ತಿರುಗಾಟಕ್ಕೆ ಹೊರಡುವುದು ದೀಪಾವಳಿ ಕಳೆದ ಮೇಲೆ. ನಡುವಿನ ಈ ಮಳೆಯ ತಿಂಗಳುಗಳಲ್ಲಿ ಬಯಲಾಟದ ಅಂಗಳ ಖಾಲಿಯಿರುವಾಗ, ಕರಾವಳಿಯ ಮನೆಗೆ ಟಿವಿಯಲ್ಲಿ ಬರುವ ಯಕ್ಷಗಾನ ಬೇಸಿಗೆಯಲ್ಲಿ ಬರುವುದಕ್ಕಿಂತ ಎರಡು ಪಟ್ಟು ಪ್ರಿಯ. ಅರ್ಧ ಗಂಟೆಯಲ್ಲಿ ಪಾತ್ರಗಳು ಮೊದಲು ರಂಗಕ್ಕೆ ಬರುವ ಒಂದು ಒಡ್ಡೋಲಗವನ್ನಾದರೂ ನೆಮ್ಮದಿಯಿಂದ ನೋಡಲು ಆಗದು ಎಂಬುದು ನಿಜ. ಪ್ರಸಂಗವೊಂದನ್ನು ಪೂರ್ತಿಯಾಗಿ ತೋರಿಸಲು ಮಳೆಗಾಲಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ.

ದಿನದ ಅತ್ಯುತ್ತಮ ಕಾರ್ಯಕ್ರಮ ಸಂಜೆಯ ಕೃಷಿ ಕಾರ್ಯಕ್ರಮ. ದೆಹಲಿ ದೂರದರ್ಶನದಲ್ಲಿ ‘ಕೃಷಿ ದರ್ಶನ’ 1967ರ ಜನವರಿ 26ರಂದು ಆರಂಭವಾದ ದಿನದಿಂದ ರೈತರೊಂದಿಗೆ ಮಾತನಾಡುವ ಒಂದು ಹದ ಸಾರ್ವಜನಿಕ ಪ್ರಸಾರದಲ್ಲಿ ಬೆಳೆದುಬಂದಿದೆ. ಆ ಹದ ಇಲ್ಲಿಯೂ ಇತ್ತು. ವಿಷಯ ಅಡಿಕೆಯ ಕೊಳೆರೋಗ, ಅದಕ್ಕೆ ಬಿಡುವ ಬೋರ್ಡೋ ದ್ರಾವಣ. ಐವತ್ತು ವರ್ಷದಿಂದ ತೋಟಕ್ಕೆ ಮದ್ದು ಬಿಡಿಸುತ್ತ ಬಂದ ದೊಡ್ಡಪ್ಪನಿಗೆ ಹೊಸದೇನಿದ್ದೀತು ಎಂದುಕೊಂಡಿದ್ದೆ. ತಜ್ಞರು ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಇನ್ನೊಂದರಲ್ಲಿ 50 ಲೀಟರ್ ನೀರಿಗೆ ಒಂದು ಕಿಲೋ ಸುಣ್ಣ ಬೇರೆ ಬೇರೆಯಾಗಿ ಕರಗಿಸಿ, ಎರಡನ್ನೂ ಮೂರನೆಯದಕ್ಕೆ ಒಟ್ಟಿಗೆ ಸುರಿಯುತ್ತ ಕಲಕಿಸಿದರು; ನೀಲಿ ಮತ್ತು ಬಿಳಿ ಕೂಡಿ ತಿಳಿ ಆಕಾಶದ ಬಣ್ಣ ಬಂತು. ಆಮೇಲೆ ಉಜ್ಜಿ ಶುಭ್ರಗೊಳಿಸಿದ ಕಬ್ಬಿಣದ ಕತ್ತಿಯೊಂದನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಮೇಲೆತ್ತಿದರು. ಅಲಗಿನ ಮೇಲೆ ತೆಳುವಾಗಿ ತಾಮ್ರದ ಕೆಂಪು ಹತ್ತಿತ್ತು. ಹಾಗಿದ್ದರೆ ಸುಣ್ಣ ಸಾಲದು, ಹುಳಿ ಉಳಿದಿದೆ, ಅದು ಎಲೆಯನ್ನೂ ಕಾಯಿಯನ್ನೂ ಸುಡುತ್ತದೆ ಎಂದು ಹೇಳಿ ಇನ್ನಷ್ಟು ಸುಣ್ಣದ ತಿಳಿ ಸೇರಿಸಿದರು. ಎರಡನೆಯ ಸಲ ಅದ್ದಿದ ಕತ್ತಿ ಅಲಗು ಬದಲಾಗದೆ ಹೊರಬಂತು.

ಮಾತು ಕಡಿಮೆ, ಕೈಕೆಲಸ ಹೆಚ್ಚು. ಕತ್ತಿ ನೀರಿನಲ್ಲಿದ್ದಷ್ಟು ಹೊತ್ತೂ ಕ್ಯಾಮೆರಾ ಬೇರೆಲ್ಲಿಗೂ ಓಡಲಿಲ್ಲ. ಮೊದಲ ಮದ್ದು ಮಳೆಗೆ ಮುನ್ನ, ಎರಡನೆಯದು 40–45 ದಿನಕ್ಕೆ, ಕಲಸಿದ ದಿನವೇ ಬಿಟ್ಟು ಮುಗಿಸಬೇಕು ಎಂಬ ಮಾತುಗಳನ್ನು ಎರಡೆರಡು ಸಲ ಹೇಳಿದ್ದು ನನಗೆ ಬೇಸರವೆನ್ನಿಸಲಿಲ್ಲ, ಏಕೆಂದರೆ ಬರೆದುಕೊಳ್ಳುವವರಿಗೆ ಅಷ್ಟು ಸಮಯ ಬೇಕು. ಕಾರ್ಯಕ್ರಮ ಮುಗಿಯುತ್ತಿದ್ದಂತೆ ದೊಡ್ಡಪ್ಪ ತೋಟ ನೋಡಿಕೊಳ್ಳುತ್ತಿದ್ದ ಮಗನಿಗೆ ಫೋನ್ ಮಾಡಿದರು: “ಮಳೆ ಬಿಟ್ಟ ದಿವಸ ಮದ್ದು ಕಲಸ್ತೀಯಲ್ಲ, ಆವಾಗ ಕತ್ತಿ ಅದ್ದಿ ನೋಡು ಮಾರಾಯ. ನಾವು ಬರೀ ಬಣ್ಣ ನೋಡಿ ಬಿಡ್ತಾ ಇದ್ದದ್ದು.”

ವಾರ್ತೆಗಳ ಬಗ್ಗೆ ಒಂದು ಮಾತು. ಓದುವವರು ಕುಳಿತು ಓದಿದರು, ಪರದೆ ಎಂಟು ಹೋಳಾಗಲಿಲ್ಲ, ಯಾರೂ ಯಾರ ಮಾತನ್ನೂ ಕಡಿಯಲಿಲ್ಲ. ಜಲಾಶಯಗಳ ನೀರಿನ ಮಟ್ಟವನ್ನು ಒಂದೊಂದಾಗಿ ಹೇಳಿ, ಕರಾವಳಿಯ ಮೀನುಗಾರರಿಗೆ ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ಓದಿದರು. ಯಾಂತ್ರೀಕೃತ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿದ್ದರೂ ನಾಡದೋಣಿಯವರು ಮಲ್ಪೆಯಿಂದ ಕಡಲಿಗೆ ಇಳಿಯಲು ಕಾದಿರುತ್ತಾರೆ. ಅಂಥ ಮನೆಗಳಲ್ಲಿ ಆ ಎರಡು ವಾಕ್ಯಗಳ ಬೆಲೆ ದೊಡ್ಡದು.

ರಾತ್ರಿಯ ಪಾಲು ‘ಥಟ್ ಅಂತ ಹೇಳಿ’ಗೆ. ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ಈ ರಸಪ್ರಶ್ನೆಯಲ್ಲಿ ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ತಪ್ಪು ಹೇಳಿದವರೂ ಅವಮಾನಗೊಳ್ಳದಂತೆ, ಉತ್ತರದ ಹಿಂದಿನ ಕಥೆಯನ್ನು ಬಿಡಿಸಿ ಹೇಳುವ ಅವರ ರೀತಿಯಿಂದಾಗಿ ಮನೆಯಲ್ಲಿ ನೋಡುವವರೂ ಸ್ಪರ್ಧಿಗಳಾಗುತ್ತಾರೆ. ಹಳೆಯ ಅಳತೆಗಳ ಬಗೆಗಿನ ಪ್ರಶ್ನೆಯೊಂದಕ್ಕೆ ಎಲ್ಲರಿಗಿಂತ ಮೊದಲು ಉತ್ತರಿಸಿದ್ದು ಅಮ್ಮ. ಅಲ್ಲಿಂದ ಮಾತು ಕಳಸೆ, ಮುಡಿಗಳಿಗೆ ಹೋಯಿತು. ಒಂದು ಮುಡಿ ಅಕ್ಕಿಯೆಂದರೆ 42 ಸೇರು, ಅದನ್ನು ಬೈಹುಲ್ಲಿನಲ್ಲಿ ಹೇಗೆ ಬಿಗಿದು ಕಟ್ಟುತ್ತಿದ್ದರು ಎಂದು ದೊಡ್ಡಪ್ಪ ಕೈಯಲ್ಲೇ ಅಭಿನಯಿಸಿ ತೋರಿಸಿದರು. ಮಗಳಿಗೆ ಅದೆಲ್ಲ ಹೊಸತು.

ಒಂದು ಆಸೆಯನ್ನು ಮಾತ್ರ ಮನಃಪೂರ್ವಕವಾಗಿ ಹೇಳಬೇಕು. 1976ರಲ್ಲಿ ಆರಂಭವಾಗಿ ಬ್ರಹ್ಮಾವರದ ಪ್ರಸಾರ ಗೋಪುರದಿಂದ ನಮ್ಮನ್ನು ತಲುಪಿದ ಮಂಗಳೂರು ಆಕಾಶವಾಣಿ ತುಳು, ಕೊಂಕಣಿಗಳಿಗೆ, ತಾಳಮದ್ದಳೆಗೆ ಜಾಗ ಕೊಟ್ಟು ಈ ಊರುಗಳ ಕಿವಿಯನ್ನು ಬೆಳೆಸಿತು. ಸಾರ್ವಜನಿಕ ದೂರದರ್ಶನದಲ್ಲಿಯೂ ಕರಾವಳಿಗೆ ಅಂಥದೇ ಒಂದು ಗಂಟೆ, ದಿನವಲ್ಲದಿದ್ದರೆ ವಾರಕ್ಕಾದರೂ, ನಿಗದಿತ ಹೊತ್ತಿನಲ್ಲಿ ಇರಬೇಕು. ಕುಂದಗನ್ನಡದಲ್ಲಿ ಮಾತನಾಡುವ ರೈತನೊಬ್ಬ ಅದೇ ಕತ್ತಿಯನ್ನು ಅದ್ದಿ ತೋರಿಸಿದರೆ ಹೆಬ್ರಿ, ಸಿದ್ದಾಪುರದ ತೋಟದವರಿಗೆ ಅದು ಇನ್ನೂ ಹತ್ತಿರವಾಗುತ್ತದೆ.

ನೋಡಬೇಕೆನ್ನುವವರಿಗೆ ದಾರಿ ಸುಲಭ. 1995ರ ಕೇಬಲ್ ಟಿವಿ ಕಾಯ್ದೆಯ ಪ್ರಕಾರ ಕೇಬಲ್‌ನವರು ದೂರದರ್ಶನದ ನಿಗದಿತ ವಾಹಿನಿಗಳನ್ನು ಕೊಡಲೇಬೇಕು. ಮೊಬೈಲಿನಲ್ಲಿ ನೋಡುವವರಿಗೆ ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ತಂದ ವೇವ್ಸ್ ಆ್ಯಪ್ ಇದೆ. ಫ್ರೀ ಡಿಶ್‌ಗೆ ತಟ್ಟೆ ಮತ್ತು ಸೆಟ್‌ಟಾಪ್ ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಸಾಕು, ತಿಂಗಳ ಶುಲ್ಕವಿಲ್ಲ. ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವುದರಿಂದ ನಮ್ಮ ಕಡೆ ತಟ್ಟೆಯನ್ನು ಆಗ್ನೇಯಕ್ಕೆ ಮುಖಮಾಡಿ ಕೂರಿಸುತ್ತಾರೆ. ಆ ದಿಕ್ಕಿನಲ್ಲಿ ತೆಂಗಿನ ಮರವಿದ್ದರೆ ಅಡ್ಡ ಬರುವ ಮಡಲುಗಳನ್ನು ಮಳೆ ಹಿಡಿಯುವ ಮೊದಲೇ ಕಡಿಸಿಕೊಳ್ಳಿ. ಜೂನ್ ಬಂದ ಮೇಲೆ ಮರ ಹತ್ತುವವರು ಸಿಗುವುದಿಲ್ಲ.